ಮೂರನೇ ಒಗೆತಕ್ಕೆ ‘ಳೆ’ ಉದುರಿತು: ಮನೆಯಲ್ಲೇ ಟಿ-ಶರ್ಟ್ ಮಾಡಿಕೊಳ್ಳುವವರು ಇದ್ದೀರಾ?

ಲೆಕ್ಕಿಗ · ಆಗಸ್ಟ್ 9, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ನಾನು ವೃತ್ತಿಯಿಂದ ಲೆಕ್ಕಪತ್ರದವನು. ತ್ಯಾಗರಾಜನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನಾನೇ ಬರೆದ ಸಾಲನ್ನು ನಾನೇ ಟಿ-ಶರ್ಟಿನ ಮೇಲೆ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ, ಅಂದರೆ ಜಾಲರಿಯ ಮೂಲಕ ಶಾಯಿ ಇಳಿಸಿ, ಅಚ್ಚು ಹಾಕಿ ತೊಡಬೇಕೆಂಬ ಹುಚ್ಚು ಯುಗಾದಿಯ ರಜೆಯಲ್ಲಿ ಹತ್ತಿದ್ದು ಇನ್ನೂ ಬಿಟ್ಟಿಲ್ಲ.

ಐದರಲ್ಲಿ ನಾಲ್ಕು ಕೆಟ್ಟವು. ಐದನೆಯದು ಗೆದ್ದಿತು ಎಂದುಕೊಂಡೆ. ಬೂದು ಬಣ್ಣದ ಬಟ್ಟೆ, ಎದೆಯ ಮೇಲೆ ಕಪ್ಪು ಶಾಯಿಯಲ್ಲಿ ‘ಮಳೆ ಬಂದರೆ ಬರಲಿ’. ಎರಡು ಒಗೆತ ತಡೆಯಿತು. ಮೂರನೆಯದಕ್ಕೆ ‘ಳೆ’ ಇಡಿಯಾಗಿ ಸಿಪ್ಪೆಯಂತೆ ಎದ್ದು ಬಂತು. ಈಗ ಅದು ‘ಮ ಬಂದರೆ ಬರಲಿ’. ಹಟಕ್ಕೆ ಶನಿವಾರ ಕಚೇರಿಗೆ ಅದನ್ನೇ ತೊಟ್ಟು ಹೋದೆ. ‘ಮ’ ಯಾರು ಸರ್ ಎಂದು ಮೂವರು ಕೇಳಿದರು. ಹೆಂಡತಿ ಕೇಳಿಲ್ಲ, ಆದರೆ ನೋಡುತ್ತಿದ್ದಾಳೆ.

ಇದುವರೆಗಿನ ಖರ್ಚು: ಜಾಲರಿ ಬಿಗಿದ ಚೌಕಟ್ಟು 350, ಸ್ಕ್ವೀಜಿ (ಶಾಯಿ ಎಳೆಯುವ ರಬ್ಬರ್ ಪಟ್ಟಿ) 180, ಎಮಲ್ಷನ್ (ಜಾಲರಿಗೆ ಹಚ್ಚುವ, ಬೆಳಕಿಗೆ ಗಟ್ಟಿಯಾಗುವ ಲೇಪ) 450, ಶಾಯಿ ಎರಡು ಡಬ್ಬಿ 520, ಟಿ-ಶರ್ಟ್ ಐದು 840. ಒಟ್ಟು 2,340 ರೂಪಾಯಿ. ಆದಾಯ ಶೂನ್ಯ.

ಉಳಿದ ಅಕ್ಷರಗಳೆಲ್ಲ ಗಟ್ಟಿಯಾಗಿದ್ದು ‘ಳೆ’ ಮಾತ್ರ ಏಕೆ ಹೋಯಿತು? ಇನ್ನೊಂದು, ಒಗೆದ ಮೇಲೆ ಪಕ್ಕದ ಹೊಲಿಗೆ ಹೊಟ್ಟೆಯ ಕಡೆಗೆ ತಿರುಗಿ ಬಂದಿದೆ, ಅದು ನನ್ನ ತಪ್ಪೇ? ನವೆಂಬರ್ 1ಕ್ಕೆ ನಮ್ಮ ಬೀದಿಯ ಹುಡುಗರಿಗೆ 25 ಟಿ-ಶರ್ಟ್ ಮಾಡಿಕೊಡುತ್ತೇನೆ ಎಂದು ಬಾಯಿ ತಪ್ಪಿ ಒಪ್ಪಿಕೊಂಡಿದ್ದೇನೆ.

ಗಾಂಧಿಬಜಾರ್ ಗಿರಾಕಿ · ಆಗಸ್ಟ್ 9, ರಾತ್ರಿ 11.05

2,340 ರೂಪಾಯಿಗೆ ಹತ್ತು ಸಿದ್ಧ ಟಿ-ಶರ್ಟ್ ಬರುತ್ತವೆ ಸ್ವಾಮಿ. ಎಲ್ಲ ಅಕ್ಷರಗಳೂ ಇರುತ್ತವೆ.

ಸ್ಕ್ವೀಜಿ ಸೀನ · ಆಗಸ್ಟ್ 10, ಬೆಳಿಗ್ಗೆ 6.20

ಲೆಕ್ಕಿಗ ಅವರೇ, ಉತ್ತರಕ್ಕೆ ಮೊದಲು ಎರಡು ಪ್ರಶ್ನೆ. ಚೌಕಟ್ಟಿಗೆ ಬಿಗಿದಿರುವ ಜಾಲರಿ ಎಷ್ಟನೇ ನಂಬರಿನದು? ‘ಳೆ’ ಮೇಲೆ ಸ್ಕ್ವೀಜಿಯನ್ನು ಎಷ್ಟು ಸಲ ಎಳೆದಿರಿ? ಸತ್ಯ ಹೇಳಿ.

ಲೆಕ್ಕಿಗ · ಆಗಸ್ಟ್ 10, ಬೆಳಿಗ್ಗೆ 8.50

ಮರದ ಮೇಲೆ ಪೆನ್ಸಿಲಿನಲ್ಲಿ 120 ಎಂದು ಬರೆದಿದೆ. ಸತ್ಯವನ್ನೇ ಹೇಳುವುದಾದರೆ ನಾಲ್ಕು ಸಲ. ‘ಳ’ಕಾರದ ಒಳಗಿನ ಸುರುಳಿ ಮೂಡುತ್ತಲೇ ಇರಲಿಲ್ಲ. ಒಂದು ಸಲ ಎಳೆದು, ಎತ್ತಿ ನೋಡಿ, ಮತ್ತೆ ಇಟ್ಟು ಎಳೆದೆ. ನಿಮಗೆ ಹೇಗೆ ತಿಳಿಯಿತು?

ಸ್ಕ್ವೀಜಿ ಸೀನ · ಆಗಸ್ಟ್ 10, ಮಧ್ಯಾಹ್ನ 2.15

ಸುಲ್ತಾನ್‌ಪೇಟೆಯಲ್ಲಿ ಇಪ್ಪತ್ತಾರು ವರ್ಷ ಲಗ್ನಪತ್ರಿಕೆ ಅಚ್ಚು ಹಾಕಿದವನು ನಾನು. ಹುಡುಗರು ಎಲ್ಲೆಲ್ಲಿ ಕದ್ದು ಎರಡನೇ ಸಲ ಎಳೆಯುತ್ತಾರೆ ಎಂಬುದು ಕಣ್ಣು ಮುಚ್ಚಿದರೂ ಕಾಣುತ್ತದೆ.

ನಿಮ್ಮ ಅಂಗಡಿಯವರು ಕಾಗದಕ್ಕೆ ಬಳಸುವ ಜಾಲರಿ ಕೊಟ್ಟಿದ್ದಾರೆ. 120 ಎಂದರೆ ಒಂದು ಸೆಂಟಿಮೀಟರಿಗೆ 120 ಎಳೆ. ಕಾರ್ಡಿನ ಮೇಲೆ ಚಿನ್ನದ ಗೆರೆ ಎಳೆಯುವುದಕ್ಕೆ ಅದು ಸರಿ. ಬನಿಯನ್ ಬಟ್ಟೆ ಶಾಯಿ ಕುಡಿಯುತ್ತದೆ, ಅದಕ್ಕೆ 43 ಬೇಕು. ಕೆಲವು ಅಂಗಡಿಗಳಲ್ಲಿ ಇಂಚಿನ ಲೆಕ್ಕದಲ್ಲಿ ಅದನ್ನೇ 110 ಎನ್ನುತ್ತಾರೆ. ನೀವು ಕೇಳಿದ್ದು ಇಂಚಿನ ಲೆಕ್ಕ, ಅವರು ಕೊಟ್ಟದ್ದು ಸೆಂಟಿಮೀಟರಿನ ಲೆಕ್ಕ ಆಗಿರಬಹುದು. ಈ ಗೊಂದಲದಲ್ಲಿ ಮುಳುಗಿದವರು ನೀವೊಬ್ಬರೇ ಅಲ್ಲ.

ಸಣ್ಣ ಜಾಲರಿಯಲ್ಲಿ ಶಾಯಿ ಸಾಕಷ್ಟು ಇಳಿಯುವುದಿಲ್ಲ. ಜೊತೆಗೆ ನೀರಿನ ಶಾಯಿ ಆ ರಂಧ್ರಗಳಲ್ಲೇ ಒಣಗಿ ಕೂರುತ್ತದೆ. ನೀವು ಎತ್ತಿ ನೋಡುವ ಹೊತ್ತಿಗೆ ಕೆಳಗಿನ ಪದರ ಅರ್ಧ ಒಣಗಿರುತ್ತದೆ. ಎರಡನೇ ಪದರ ನೂಲಿನೊಳಗೆ ಇಳಿಯದೆ ಮೊದಲ ಪದರದ ಬೆನ್ನಿನ ಮೇಲೆ ಕೂರುತ್ತದೆ, ಮೂರನೆಯದು ಎರಡನೆಯದರ ಮೇಲೆ. ನಿಮ್ಮ ‘ಳೆ’ ಬಟ್ಟೆಗೆ ಅಂಟಿರಲೇ ಇಲ್ಲ, ತನ್ನ ಮೇಲೆ ತಾನೇ ನಿಂತಿತ್ತು.

ಇನ್ನು ಬೇಯಿಸುವ ವಿಷಯ. ಶಾಯಿ ಒಣಗುವುದು ಬೇರೆ, ಬೇಯುವುದು ಬೇರೆ. ಮುಟ್ಟಿದರೆ ಕೈಗೆ ಹತ್ತುವುದಿಲ್ಲ ಎಂದು ನೀವು ಬಿಟ್ಟುಬಿಟ್ಟಿರಿ. ಅನ್ನ ಉಕ್ಕಿದ ಮಾತ್ರಕ್ಕೆ ಬೆಂದಿತೇ? ನೀರಿನ ಶಾಯಿಯೇ ಇರಲಿ, ಪ್ಲಾಸ್ಟಿಸಾಲ್ ಎಂಬ ಪ್ಲಾಸ್ಟಿಕ್ ಶಾಯಿಯೇ ಇರಲಿ, ಪದರದ ತಳದವರೆಗೆ ಸುಮಾರು 150ರಿಂದ 160 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ನೀರಿನ ಶಾಯಿಯಲ್ಲಿ ಮೊದಲು ನೀರು ಪೂರ್ತಿ ಹೋಗಬೇಕು, ಅದು ಇರುವವರೆಗೆ ಶಾಖ ಮೇಲೇರುವುದಿಲ್ಲ. ದಪ್ಪ ಪದರಕ್ಕೆ ಹೆಚ್ಚು ಹೊತ್ತು ಬೇಕು. ನಿಮ್ಮ ‘ಬಂದರೆ ಬರಲಿ’ ತೆಳ್ಳಗಿತ್ತು, ಬೆಂದಿತು. ‘ಳೆ’ ದಪ್ಪಗಿತ್ತು, ಮೇಲೆ ಬೆಂದು ಒಳಗೆ ಹಸಿಯಾಗಿ ಉಳಿಯಿತು.

ಮನೆಯ ಇಸ್ತ್ರಿ ಪೆಟ್ಟಿಗೆಯಿಂದ ಆಗುವುದಿಲ್ಲ ಎಂದಲ್ಲ. ಹಬೆ ಪೂರ್ತಿ ಬಂದ್ ಮಾಡಿ, ಹತ್ತಿಯ ಗುರುತಿಗೆ ತಿರುಗಿಸಿ, ನಡುವೆ ಬೆಣ್ಣೆ ಕಾಗದ ಇಡಿ. ಒಂದೇ ಜಾಗದಲ್ಲಿ ಒತ್ತಿ ಹಿಡಿದು ಮೂರು ನಾಲ್ಕು ನಿಮಿಷ, ಆಮೇಲೆ ಮುಂದಿನ ಜಾಗ. ಬಟ್ಟೆ ಇಸ್ತ್ರಿ ಮಾಡುವ ಹಾಗೆ ಆಡಿಸಬೇಡಿ. ಹಬೆಯ ತೂತುಗಳಿರುವ ಕಡೆ ಬಿಸಿ ಮುಟ್ಟುವುದಿಲ್ಲ, ಆದ್ದರಿಂದ ಪೆಟ್ಟಿಗೆಯನ್ನು ಸ್ವಲ್ಪ ಸರಿಸಿ ಮತ್ತೊಮ್ಮೆ. ಆಮೇಲೆ ಬಟ್ಟೆ ತಿರುವಿ ಹಿಂದಿನಿಂದಲೂ ಒತ್ತಿ. ಮೂರು ದಿನ ನೀರು ಮುಟ್ಟಿಸಬೇಡಿ.

25ಕ್ಕೆ ಒಪ್ಪಿಕೊಂಡಿದ್ದೀರಿ ಎಂದು ಓದಿ ನಗು ಬಂತು. ಮನೆಯ ಪೆಟ್ಟಿಗೆಯಲ್ಲಿ ಅಷ್ಟನ್ನೂ ಬೇಯಿಸಿದರೆ ನಿಮ್ಮ ಭುಜ ನವೆಂಬರ್ ಎರಡಕ್ಕೆ ರಜೆ ಕೇಳುತ್ತದೆ. ನಿಮ್ಮ ಬೀದಿಯಲ್ಲಿ ಇಸ್ತ್ರಿ ಗಾಡಿ ಇದೆಯೇ? ಇದ್ದಿಲಿನ ಪೆಟ್ಟಿಗೆ ಭಾರವೂ ಹೌದು, ಬಿಸಿಯನ್ನು ಹಿಡಿದಿಡುವುದೂ ಹೌದು. ವಿಚಾರಿಸಿ ನೋಡಿ.

ರೋಲ್ ರಾಜ · ಆಗಸ್ಟ್ 10, ಸಂಜೆ 5.30

ಇಷ್ಟೆಲ್ಲ ಪುರಾಣ ಬೇಕೇ? ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್) ಮಾಡಿಸಿ. ಚಿತ್ರವನ್ನು ಹಾಳೆಯ ಮೇಲೆ ಮುದ್ರಿಸಿ, ಹಿಂದೆ ಅಂಟಿನ ಪುಡಿ ಉದುರಿಸಿ ಕರಗಿಸಿ ಕೊಡುತ್ತಾರೆ, ಮೀಟರ್ ಲೆಕ್ಕ. ಹೀಟ್ ಪ್ರೆಸ್‌ನಲ್ಲಿ ಹದಿನೈದು ಸೆಕೆಂಡ್ ಒತ್ತಿ ಹಾಳೆ ಎಳೆದರೆ ಮುಗಿಯಿತು. ಹತ್ತು ಬಣ್ಣ ಬೇಕೇ, ಹತ್ತೂ ಬರುತ್ತವೆ. ಹತ್ತಿ, ಪಾಲಿಯೆಸ್ಟರ್, ಕಪ್ಪು, ಬಿಳಿ ಯಾವುದಾದರೂ ಆದೀತು. ಸ್ಕ್ರೀನ್ ಎಂಬುದು ನಮ್ಮ ತಂದೆಯ ಕಾಲದ್ದು.

ಸ್ಕ್ವೀಜಿ ಸೀನ · ಆಗಸ್ಟ್ 10, ಸಂಜೆ 6.10

ನಿಮ್ಮ ತಂದೆಗೆ ನನ್ನ ನಮಸ್ಕಾರ ತಿಳಿಸಿ.

ಫೋಟೋ ಹಾಕಬೇಕು, ಐದಾರು ಬಣ್ಣ ಇದೆ, ಬೇಕಾಗಿರುವುದು ಎರಡೇ ಎಂದರೆ ನಾನೂ ಡಿಟಿಎಫ್ ಎಂದೇ ಹೇಳುತ್ತೇನೆ. ಆದರೆ ಎದೆಯಗಲ ಹಾಳೆ ಅಂಟಿಸಿಕೊಂಡು ಏಪ್ರಿಲ್ ತಿಂಗಳಲ್ಲಿ ಮೆಜೆಸ್ಟಿಕ್‌ನಿಂದ ಬಸ್ಸಿನಲ್ಲಿ ನಿಂತು ಬನ್ನಿ, ಗಾಳಿಯಾಡದ ಬಟ್ಟೆ ಎಂದರೇನೆಂದು ತಿಳಿಯುತ್ತದೆ. ನೀರಿನ ಶಾಯಿ ನೂಲಿನೊಳಗೆ ಹೋಗುತ್ತದೆ, ಕೈಯಾಡಿಸಿದರೆ ಬಟ್ಟೆಯೇ ಸಿಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಲೆಕ್ಕಿಗರು ಕೇಳಿದ್ದು ತಾವು ಮಾಡುವುದು ಹೇಗೆ ಎಂದು, ಮಾಡಿಸುವುದು ಎಲ್ಲಿ ಎಂದು ಅಲ್ಲ.

ರೋಲ್ ರಾಜ · ಆಗಸ್ಟ್ 10, ಸಂಜೆ 6.25

ಅದೂ ಸರಿ. ಆದರೆ ಕಾಫಿ ಮಗ್‌ಗಳ ಮೇಲೆ ಚಿತ್ರ ಹಾಕಿಕೊಡುವ ಅಂಗಡಿಯವರು ‘ಸಬ್ಲಿಮೇಷನ್ ಮಾಡಿಕೊಡುತ್ತೇವೆ’ ಎಂದರೆ ಮಾತ್ರ ಹತ್ತಿ ಟಿ-ಶರ್ಟ್ ಕೊಡಬೇಡಿ. ಆ ಬಣ್ಣ ಬಿಸಿಗೆ ಅನಿಲವಾಗಿ ಪಾಲಿಯೆಸ್ಟರ್ ಒಳಗೆ ಸೇರಿಕೊಳ್ಳುವಂಥದ್ದು. ಹತ್ತಿಯಲ್ಲಿ ನಿಲ್ಲುವುದಿಲ್ಲ. ಬಿಳಿ ಅಥವಾ ತಿಳಿ ಬಣ್ಣದ ಪಾಲಿಯೆಸ್ಟರಿಗೆ ಮಾತ್ರ ಅದು.

ಓವರ್‌ಲಾಕ್ ಅಕ್ಕ · ಆಗಸ್ಟ್ 11, ರಾತ್ರಿ 9.30

ಎಲ್ಲರೂ ಶಾಯಿಯ ಬಗ್ಗೆಯೇ ಮಾತನಾಡುತ್ತಿದ್ದೀರಿ, ಬಟ್ಟೆಯನ್ನು ಕೇಳುವವರಿಲ್ಲ. ಹೊಲಿಗೆ ತಿರುಗಿದ್ದು ನಿಮ್ಮ ತಪ್ಪಲ್ಲ ಸರ್. ಟಿ-ಶರ್ಟಿನ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ನೂಲಿಗೆ ಹುರಿ ಹಾಕಿರುತ್ತಾರಲ್ಲ, ಆ ಹುರಿ ಬಿಚ್ಚಿಕೊಳ್ಳಲು ಹವಣಿಸುತ್ತಲೇ ಇರುತ್ತದೆ. ಅಂಗಡಿಯಲ್ಲಿ ಇಸ್ತ್ರಿಯ ಬಿಗಿಯಲ್ಲಿ ಸುಮ್ಮನಿರುತ್ತದೆ, ನೀರು ಕಂಡ ಕೂಡಲೇ ತನ್ನ ದಾರಿ ಹಿಡಿಯುತ್ತದೆ. ಸಿಂಗಲ್ ಜೆರ್ಸಿ ಎಂಬ ಸಾಮಾನ್ಯ ತೆಳು ಹೆಣಿಗೆಯಲ್ಲಿ ಇದು ಹೆಚ್ಚು. ಕೊಳ್ಳುವಾಗ ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಸಣ್ಣ ಉದ್ದ ಗೆರೆಗಳು ಕಾಣುತ್ತವೆ. ಅವು ಪಕ್ಕದ ಹೊಲಿಗೆಗೆ ಸಮವಾಗಿ ಇಳಿದಿದ್ದರೆ ಕೊಳ್ಳಿ, ಓರೆಯಾಗಿದ್ದರೆ ಬಿಡಿ.

ಬರಿಯ ಟಿ-ಶರ್ಟ್ ಕೊಳ್ಳುವಾಗ 180 ಜಿಎಸ್‌ಎಂ ಕೇಳಿ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ 180 ಗ್ರಾಂ. ಈಗಿನ ಮಕ್ಕಳು ತೊಡುವ ಜೋಲು ಅಂಗಿಗಳದ್ದು 220, 240. ಬಯೋವಾಶ್ ಆಗಿರಲಿ. ಕಿಣ್ವ ಹಾಕಿ ಮೇಲಿನ ಜುಂಗನ್ನು ತಿನ್ನಿಸಿರುತ್ತಾರೆ, ನುಣುಪಾಗಿರುತ್ತದೆ, ಅಚ್ಚು ಒಡೆಯದೆ ಕೂರುತ್ತದೆ. ನೂರಕ್ಕೆ ನೂರು ಹತ್ತಿ ಎಂದು ಹೇಳಿ ಮಿಶ್ರಣ ಕೊಟ್ಟಿದ್ದಾರೆ ಎಂಬ ಅನುಮಾನ ಬಂದರೆ ಒಳಹೊಲಿಗೆಯ ಹತ್ತಿರ ಎರಡು ಎಳೆ ಕತ್ತರಿಸಿ ಸುಟ್ಟು ನೋಡಿ. ಹತ್ತಿ ಕಾಗದದ ವಾಸನೆ ಕೊಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಸಾಸಿವೆ ಕಾಳಿನಂತೆ ಗಟ್ಟಿಯಾಗುತ್ತದೆ. ಅಚ್ಚು ಹಾಕುವ ಮೊದಲು ಒಮ್ಮೆ ಒಗೆಯಿರಿ, ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ.

ನಾನು ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಹನ್ನೊಂದು ವರ್ಷ ಇದ್ದೆ. ಅಲ್ಲಿ ಒಬ್ಬರು ಇಡೀ ಟಿ-ಶರ್ಟ್ ಹೊಲಿಯುವುದಿಲ್ಲ. ಕತ್ತು ಒಬ್ಬರದು, ತೋಳು ಒಬ್ಬರದು, ಕೆಳಗಿನ ಮಡಿಕೆ ಇನ್ನೊಬ್ಬರದು. ನನ್ನದು ಭುಜ. ಹನ್ನೊಂದು ವರ್ಷ ಬರಿಯ ಭುಜ ಕೂಡಿಸಿದೆ. ಮೊದಲಿನಿಂದ ಕೊನೆಯವರೆಗೆ ಒಂದು ಟಿ-ಶರ್ಟನ್ನು ನಾನೇ ಹೊಲಿದದ್ದು ಕೆಲಸ ಬಿಟ್ಟ ಮೇಲೆ, ಮಗನಿಗೆ. ಕತ್ತಿನ ಪಟ್ಟಿ ಅಲೆಅಲೆಯಾಗಿ ಎದ್ದು ನಿಂತಿತು. ಅವನು ಅದನ್ನು ಇನ್ನೂ ತೊಡುತ್ತಾನೆ, ಮನೆಯೊಳಗೆ.

ಹೊಲಿಯುವ ಮನಸ್ಸಿದ್ದರೆ ಕಷ್ಟವೇನಿಲ್ಲ. ಬಟ್ಟೆ ಕೆ.ಜಿ. ಲೆಕ್ಕದಲ್ಲಿ ಸಿಗುತ್ತದೆ, 180ರ ಬಟ್ಟೆ ಒಂದು ಕೆ.ಜಿ.ಗೆ ಚೂರುಪಾರು ಕಳೆದು ನಾಲ್ಕು ದೊಡ್ಡವರ ಟಿ-ಶರ್ಟ್ ಆಗುತ್ತದೆ. ಮನೆಯ ಮಿಷನ್ನೇ ಸಾಕು, ಸೂಜಿ ಮಾತ್ರ ಬಾಲ್‌ಪಾಯಿಂಟ್, 11 ಅಥವಾ 14ನೇ ನಂಬರು. ಚೂಪು ಸೂಜಿ ಹೆಣಿಗೆಯ ಕುಣಿಕೆಯನ್ನು ಕತ್ತರಿಸಿ ತೂತು ಮಾಡುತ್ತದೆ. ನೇರ ಹೊಲಿಗೆ ಹಾಕಿದರೆ ತಲೆ ತೂರಿಸುವಾಗ ಪಟಪಟನೆ ಕೀಳುತ್ತದೆ, ಸಣ್ಣ ಜಿಗ್‌ಜಾಗ್ ಹಾಕಿ. ಕತ್ತಿನ ರಿಬ್ ಪಟ್ಟಿಯನ್ನು ಕತ್ತಿನ ಸುತ್ತಳತೆಗಿಂತ ಚಿಕ್ಕದಾಗಿ, ನೂರಕ್ಕೆ ಎಂಬತ್ತೈದರಷ್ಟು, ಕತ್ತರಿಸಿ ಎಳೆದು ಕೂಡಿಸಬೇಕು. ನಾನು ಮೊದಲ ಸಲ ಅಳತೆಗೆ ಸರಿಯಾಗಿ ಕತ್ತರಿಸಿದ್ದೆ. ಅಲೆ ಎದ್ದದ್ದು ಅದಕ್ಕೆ.

ಲೆಕ್ಕಿಗ · ಆಗಸ್ಟ್ 11, ರಾತ್ರಿ 10.15

ಅಕ್ಕಾ, ಈಗಲೇ ಹೋಗಿ ಒಳಹೊಲಿಗೆಯಿಂದ ಎಳೆ ಕಿತ್ತು ಸುಟ್ಟೆ. ಬೂದಿಯೂ ಬಂತು, ಸಾಸಿವೆಯೂ ಬಂತು. ಚೀಟಿಯಲ್ಲಿ ‘ಶುದ್ಧ ಹತ್ತಿ’ ಎಂದಿತ್ತು.

ಒತ್ತಕ್ಷರ · ಆಗಸ್ಟ್ 13, ಬೆಳಿಗ್ಗೆ 11.00

ನಾನು ಅಕ್ಷರ ವಿನ್ಯಾಸದವನು. ತಡವಾಗಿ ಬಂದೆ, ಆದರೆ ‘ಳ’ ಮೂಡಲಿಲ್ಲ ಎಂದ ಕೂಡಲೇ ಯಾವ ಫಾಂಟ್ ಎಂದು ಯಾರೂ ಕೇಳಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಕನ್ನಡ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಾರೆ. ಆ ದುಂಡಿನ ಒಳಗಿನ ಖಾಲಿ ಜಾಗವೇ ಅಚ್ಚಿನವನಿಗೆ ಕಂಟಕ. ಇಂಗ್ಲಿಷಿನ ದಪ್ಪಕ್ಷರಕ್ಕೆ ಸಾಕಾಗುವ ಗಾತ್ರದಲ್ಲಿ ‘ಳ’, ‘ಖ’, ‘ಣ’ ಬರೆದರೆ ಒಳಗಿನ ಬಿಳಿ ಜಾಗ ಕೂದಲೆಳೆಯಷ್ಟಾಗುತ್ತದೆ. ಜಾಲರಿಯ ಮೂಲಕ ಬಂದ ಶಾಯಿ ಬನಿಯನ್ ಬಟ್ಟೆಯ ಮೇಲೆ ಸ್ವಲ್ಪ ಹರಡಿ ಅದನ್ನು ಮುಚ್ಚಿಬಿಡುತ್ತದೆ. ಒಳಜಾಗ ಒಂದು ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಭರವಸೆ ಇಡಬೇಡಿ. ಒತ್ತಕ್ಷರಕ್ಕಂತೂ ಇನ್ನಷ್ಟು ಕರುಣೆ ತೋರಿಸಿ, ಅದು ಮೊದಲೇ ಚಿಕ್ಕದು.

ಫಾಂಟುಗಳಿಗೆ ಬರವಿಲ್ಲ. ‘ಬಾಲೂ ತಮ್ಮ’ ಎಂಬ ಫಾಂಟ್ ದುಂಡಗೆ ದಪ್ಪಗಿದೆ, ಟಿ-ಶರ್ಟಿಗೆಂದೇ ಹುಟ್ಟಿದಂತಿದೆ. ಅನೇಕ್ ಕನ್ನಡದಲ್ಲಿ ತೆಳು, ದಪ್ಪ, ಅಗಲ ಎಲ್ಲವನ್ನೂ ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಹುದು. ಎರಡೂ ಉಚಿತ, ಮುಕ್ತ ಪರವಾನಗಿಯವು.

ತಂತ್ರಾಂಶದಲ್ಲಿ ಇಂಕ್‌ಸ್ಕೇಪ್ ಬಳಸಿ, ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿದರೆ ಒತ್ತು, ಅರ್ಕಾವತ್ತು ಸರಿಯಾಗಿ ಕೂರುತ್ತವೆ. ಕೆಲವು ಚಿತ್ರ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ನಾವೇ ಚಾಲೂ ಮಾಡಬೇಕು, ಇಲ್ಲದಿದ್ದರೆ ಅಕ್ಷರ ಒಡೆಯುತ್ತದೆ. ಪ್ರತಿ ನವೆಂಬರಿನಲ್ಲಿ ಯಾರಾದರೊಬ್ಬರ ಎದೆಯ ಮೇಲೆ ‘ಕನ್‌ನಡ’ ನೋಡುತ್ತೇನೆ. ಓಡಿಹೋಗಿ ಒತ್ತು ಕೊಡಬೇಕು ಎನಿಸುತ್ತದೆ. ಇನ್ನು ಹಳೆಯ ನುಡಿ ಫಾಂಟಿನಲ್ಲಿ ಬರೆದ ಕಡತವನ್ನು ಹಾಗೆಯೇ ಫಿಲ್ಮ್ (ಅಕ್ಷರ ಕಪ್ಪಾಗಿ ಮೂಡಿದ ಪಾರದರ್ಶಕ ಹಾಳೆ) ತೆಗೆಯುವವರಿಗೆ ಕಳುಹಿಸಿದರೆ, ಅವರಲ್ಲಿ ಆ ಫಾಂಟ್ ಇಲ್ಲದಿದ್ದಾಗ ಇಂಗ್ಲಿಷ್ ಕಸವಾಗಿ ತೆರೆದುಕೊಳ್ಳುತ್ತದೆ. ಅಕ್ಷರವನ್ನು ರೇಖೆಯಾಗಿ ಪರಿವರ್ತಿಸಿಯೇ ಕಳುಹಿಸಿ.

ಯಾವುದರಲ್ಲಿ ಬರೆದಿದ್ದಿರಿ?

ಲೆಕ್ಕಿಗ · ಆಗಸ್ಟ್ 13, ಮಧ್ಯಾಹ್ನ 1.20

ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಯಾವುದೋ ಒಂದರಲ್ಲಿ. ಕ್ಷಮಿಸಿ.

ಪಂಕಜಾ ಪಿ · ಆಗಸ್ಟ್ 16, ಸಂಜೆ 4.00

ಶಾಯಿಯ ಗೋಜೇ ಬೇಡ ಎನ್ನುವವರು ಕಪ್ಪು ಟಿ-ಶರ್ಟಿನ ಮೇಲೆ ಬ್ಲೀಚ್‌ನಿಂದ ಚಿತ್ರ ಬರೆಯಬಹುದು. ಕಿತ್ತಳೆ, ಕಂದು ಬಣ್ಣ ಬರುತ್ತದೆ, ಬಲು ಚೆಂದ. ಬೇಕಾದಷ್ಟು ಬಣ್ಣ ಬಿಟ್ಟ ಮೇಲೆ ವಿನೆಗರ್ ನೀರಿನಲ್ಲಿ ಅದ್ದಿ ನಿಲ್ಲಿಸಿ.

ರಸಾಯನ ಮೇಷ್ಟ್ರು · ಆಗಸ್ಟ್ 16, ಸಂಜೆ 4.12

ದಯವಿಟ್ಟು ಬೇಡ! ಬ್ಲೀಚ್ ಜೊತೆ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಮಾಡಿದರೆ ಶ್ವಾಸಕೋಶಕ್ಕೆ ಕುತ್ತು. ಶೌಚಾಲಯ ತೊಳೆಯುವ ಆಮ್ಲದ ದ್ರಾವಣವೂ ಹತ್ತಿರ ಬರಬಾರದು. ಮೊದಲು ಧಾರಾಳ ನೀರಿನಲ್ಲಿ ಜಾಲಿಸಿ, ಆಮೇಲೆ ಔಷಧದಂಗಡಿಯ ಹೈಡ್ರೋಜನ್ ಪೆರಾಕ್ಸೈಡನ್ನು ನೀರಿಗೆ ಬೆರೆಸಿ ಅದರಲ್ಲಿ ಅದ್ದಿ. ಹಿಂದೆ ಫೋಟೋ ತೊಳೆಯಲು ಬಳಸುತ್ತಿದ್ದ ಹೈಪೋ ಕೂಡ ಆಗುತ್ತದೆ. ಇದು ಹತ್ತಿಗೆ ಮಾತ್ರ. ಪಾಲಿಯೆಸ್ಟರ್ ಬಣ್ಣ ಬಿಡುವುದಿಲ್ಲ.

ಪಂಕಜಾ ಪಿ · ಆಗಸ್ಟ್ 16, ಸಂಜೆ 4.30

ಅಯ್ಯೋ, ಕಳೆದ ಸಲ ಕೆಮ್ಮು ಬಂದದ್ದು ಧೂಳಿಗೆ ಎಂದುಕೊಂಡಿದ್ದೆ. ಧನ್ಯವಾದ ಮೇಷ್ಟ್ರೇ.

ಲೆಕ್ಕಿಗ · ಸೆಪ್ಟೆಂಬರ್ 7, ರಾತ್ರಿ 9.45

43ರ ಜಾಲರಿ ತಂದೆ. ಈಗ ಬಿಸಿಲಿನ ಸಮಸ್ಯೆ. ಎಮಲ್ಷನ್ ಹಚ್ಚಿದ ಚೌಕಟ್ಟಿನ ಮೇಲೆ ಫಿಲ್ಮ್ ಮತ್ತು ಗಾಜು ಇಟ್ಟು ತಾರಸಿಯಲ್ಲಿ ಬಿಸಿಲಿಗೆ ಹಿಡಿಯುತ್ತೇನೆ. ಬೆಳಕು ಬಿದ್ದ ಕಡೆ ಎಮಲ್ಷನ್ ಗಟ್ಟಿಯಾಗಬೇಕು, ಅಕ್ಷರದಡಿಯದು ತೊಳೆದಾಗ ಹೋಗಿ ತೆರೆದುಕೊಳ್ಳಬೇಕು. ಯುಗಾದಿಯ ಹೊತ್ತಿನಲ್ಲಿ ನಲವತ್ತು ಸೆಕೆಂಡ್ ಸಾಕಾಗುತ್ತಿತ್ತು. ಈಗ ಮೋಡ ಬಂದು ಹೋಗಿ, ಒಂದು ದಿನ ಅಕ್ಷರವೆಲ್ಲ ನೀರಿನಲ್ಲಿ ಹರಿದುಹೋಯಿತು, ಇನ್ನೊಂದು ದಿನ ತೊಳೆದರೂ ತೆರೆದುಕೊಳ್ಳಲಿಲ್ಲ. ಇನ್ನೊಂದು ಮಾತು, ನವೆಂಬರಿಗೆ ಕೆಂಪು ಟಿ-ಶರ್ಟಿನ ಮೇಲೆ ಹಳದಿ ಅಕ್ಷರ ಎಂದು ಹುಡುಗರು ತೀರ್ಮಾನಿಸಿದ್ದಾರೆ.

ಸ್ಕ್ವೀಜಿ ಸೀನ · ಸೆಪ್ಟೆಂಬರ್ 8, ಬೆಳಿಗ್ಗೆ 6.30

ಬೆಂಗಳೂರಿನ ಸೆಪ್ಟೆಂಬರ್ ಬಿಸಿಲನ್ನು ನಂಬಿ ಚೌಕಟ್ಟು ಹಿಡಿಯುವುದು ಸಾಲ ಪಡೆದವನನ್ನು ನಂಬಿದಂತೆ, ಯಾವಾಗ ಮುಖ ತಿರುಗಿಸುತ್ತದೆಯೋ ತಿಳಿಯದು. ನಾವು ಗಾಜಿನ ಪೆಟ್ಟಿಗೆಯೊಳಗೆ ಟ್ಯೂಬ್‌ಲೈಟ್ ಸಾಲಾಗಿ ಇಟ್ಟುಕೊಂಡಿದ್ದೆವು. ನೀವು ಒಂದು ಅತಿನೇರಳೆ ಎಲ್‌ಇಡಿ ದೀಪ ತಂದು ಒಂದೇ ಎತ್ತರಕ್ಕೆ ತೂಗುಹಾಕಿ. ಒಂದು ಹಳೆಯ ಚೌಕಟ್ಟಿನಲ್ಲಿ ಪರೀಕ್ಷೆ ಮಾಡಿ. ರಟ್ಟಿನಿಂದ ಮುಚ್ಚಿ, ಒಂದೊಂದು ಪಟ್ಟಿಯಾಗಿ ಸರಿಸುತ್ತಾ, ಒಂದಕ್ಕೆ ಒಂದು ನಿಮಿಷ, ಮುಂದಿನದಕ್ಕೆ ಎರಡು, ಹೀಗೆ. ಯಾವ ಪಟ್ಟಿ ಅಂಚು ಚೂಪಾಗಿ ತೆರೆದುಕೊಂಡಿತೋ ಅದೇ ನಿಮ್ಮ ಹೊತ್ತು. ಗೋಡೆಯ ಮೇಲೆ ಬರೆದಿಡಿ. ಮಳೆಗಾಲದಲ್ಲಿ ಎಮಲ್ಷನ್ ಪೂರ್ತಿ ಒಣಗುವುದಿಲ್ಲ, ಕತ್ತಲ ಕೋಣೆಯಲ್ಲಿ ಫ್ಯಾನ್ ಹಾಕಿ ರಾತ್ರಿಯಿಡೀ ಬಿಡಿ.

ಕೆಂಪಿನ ಮೇಲೆ ಹಳದಿ ಬೇಡ. ನಿಮ್ಮ ನೀರಿನ ಶಾಯಿ ತಿಳಿ ಸಾರಿನಂಥದ್ದು, ಕೆಳಗಿನ ಕೆಂಪೇ ಕಾಣುತ್ತದೆ. ಅಡಿಗೆ ಒಂದು ಪದರ ಬಿಳಿ ಹಾಕಿ, ಒಣಗಿಸಿ, ಅದರ ಮೇಲೆ ಕರಾರುವಾಕ್ಕಾಗಿ ಹಳದಿ ಕೂರಿಸಬೇಕು. ಮೊದಲ ವರ್ಷಕ್ಕೆ ಅದು ಅತಿಯಾಯಿತು. ಹಳದಿ ಟಿ-ಶರ್ಟ್ ತಂದು ಕೆಂಪು ಶಾಯಿ ಎಳೆಯಿರಿ. ಒಂದೇ ಎಳೆತ. ಬಾವುಟದ ಎರಡು ಬಣ್ಣವೂ ಬಂದವು.

ಕರಿಕೋಟು · ಸೆಪ್ಟೆಂಬರ್ 8, ರಾತ್ರಿ 8.00

ನಡುವೆ ಬಾಯಿ ಹಾಕುತ್ತಿದ್ದೇನೆ. ಏನು ಬರೆಯುತ್ತೀರಿ ಎಂಬುದನ್ನೂ ನೋಡಿಕೊಳ್ಳಿ. ನಿಮ್ಮ ಅಂಗಿಗೆ ನೀವು ಏನು ಬರೆದುಕೊಂಡರೂ ಕೇಳುವವರಿಲ್ಲ, ಆದರೆ 25 ಹಂಚಿ ಹಣ ಪಡೆದರೆ ಮಾತು ಬೇರೆ. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ವರ್ಷ ಮುಗಿದ ಮೇಲೂ 60 ವರ್ಷ ಅವರ ಸಾಲುಗಳ ಮೇಲೆ ಹಕ್ಕು (ಕಾಪಿರೈಟ್) ಇರುತ್ತದೆ. ಹನ್ನೆರಡನೇ ಶತಮಾನದ ವಚನಕ್ಕೆ ಆ ಚಿಂತೆಯಿಲ್ಲ. ಕ್ರಿಕೆಟ್ ತಂಡದ ಲಾಂಛನ, ಸಿನಿಮಾ ನಟರ ಮುಖ ಬೇಡವೇ ಬೇಡ.

ಗಾಂಧಿಬಜಾರ್ ಗಿರಾಕಿ · ಸೆಪ್ಟೆಂಬರ್ 8, ರಾತ್ರಿ 8.20

ಲೆಕ್ಕಿಗರ ‘ಮ’ ಮೇಲೆ ಯಾರ ಹಕ್ಕೂ ಇಲ್ಲ ತಾನೇ?

ಲೆಕ್ಕಿಗ · ನವೆಂಬರ್ 3, ರಾತ್ರಿ 10.10

ವರದಿ ಒಪ್ಪಿಸಲು ಬಂದಿದ್ದೇನೆ. 25ರಲ್ಲಿ 22 ಸರಿಯಾಗಿ ಬಂದವು. ಒಂದರ ಮೇಲೆ ನನ್ನ ಹೆಬ್ಬೆರಳು ಕೆಂಪಾಗಿ ಮೂಡಿತು, ಒಂದನ್ನು ತಲೆಕೆಳಗಾಗಿ ಇಟ್ಟು ಎಳೆದೆ, ಇನ್ನೊಂದನ್ನು ಮಗಳು ಒಣಗುವ ಮೊದಲೇ ಅಪ್ಪಿಕೊಂಡಳು. ಬರೆದದ್ದು ‘ನಮ್ಮ ಬೀದಿ, ನಮ್ಮ ನುಡಿ’. ಬಾಲೂ ತಮ್ಮ ಫಾಂಟ್, 43ರ ಜಾಲರಿ, ಒಂದೇ ಎಳೆತ. ಒತ್ತಕ್ಷರ ಅವರೇ, ‘ಮ್ಮ’ದ ಎರಡೂ ಒತ್ತು ತೆರೆದುಕೊಂಡೇ ಇವೆ. ಟಿ-ಶರ್ಟ್ ಹಣವನ್ನಷ್ಟೇ ಹುಡುಗರಿಂದ ಪಡೆದೆ. ಶಾಯಿ ನನ್ನದು, ಖಾತೆಯಲ್ಲಿ ‘ಮನರಂಜನೆ’ ಎಂದು ಬರೆದುಕೊಂಡಿದ್ದೇನೆ.

ಬೇಯಿಸಿದ್ದು ಸೀನ ಅವರ ಸಲಹೆಯಂತೆ ನಮ್ಮ ಬೀದಿಯ ಇಸ್ತ್ರಿ ಗಾಡಿಯಲ್ಲಿ. ಗಾಡಿಯ ಯಜಮಾನರು ಮೊದಲು ಒಪ್ಪಲಿಲ್ಲ. ಪೆಟ್ಟಿಗೆಯನ್ನು ಒಂದೇ ಕಡೆ ನಾಲ್ಕು ನಿಮಿಷ ಇಡುವುದೆಂದರೆ ಅವರ ಕಸುಬಿನಲ್ಲಿ ಬಟ್ಟೆ ಸುಟ್ಟಂತೆ. ಬೆಣ್ಣೆ ಕಾಗದ ತೋರಿಸಿ, ನನ್ನ ಹಳೆಯ ‘ಮ ಬಂದರೆ ಬರಲಿ’ ತೋರಿಸಿ, ಕತೆಯೆಲ್ಲ ಹೇಳಿದ ಮೇಲೆ ನಕ್ಕು ಕೈಗೆತ್ತಿಕೊಂಡರು. ಐದನೆಯದರ ಹೊತ್ತಿಗೆ ಅವರೇ ಪರಿಣತರು. ಹಿಂದಿನಿಂದಲೂ ಒತ್ತಬೇಕಲ್ಲವೇ ಎಂದು ನನಗೇ ನೆನಪಿಸಿದರು. ಒಂದಕ್ಕೆ ರೇಷ್ಮೆ ಸೀರೆಯ ದರ ಹಾಕಿದರು, ನ್ಯಾಯವೇ. ಪರೀಕ್ಷೆಗೆಂದು ಎರಡು ವಾರ ಮೊದಲೇ ಮಾಡಿದ್ದನ್ನು ಏಳು ಸಲ ಒಗೆದಿದ್ದೇನೆ, ಏನೂ ಆಗಿಲ್ಲ.

ಓವರ್‌ಲಾಕ್ ಅಕ್ಕ · ನವೆಂಬರ್ 3, ರಾತ್ರಿ 10.30

ಹೊಲಿಗೆ ತಿರುಗಿತೇ?

ಲೆಕ್ಕಿಗ · ನವೆಂಬರ್ 3, ರಾತ್ರಿ 10.34

ಇಲ್ಲ ಅಕ್ಕಾ. ಅಂಗಡಿಯಲ್ಲಿ 25ನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿಯೇ ತಂದೆ. ಅಂಗಡಿಯವರು ಕನ್ನಡಕ ಬೇಕೇ ಎಂದು ಕೇಳಿದರು.

ಸ್ಕ್ವೀಜಿ ಸೀನ · ನವೆಂಬರ್ 4, ಬೆಳಿಗ್ಗೆ 6.15

ಹೆಬ್ಬೆರಳಿನದನ್ನು ಎಸೆಯಬೇಡಿ. ಮುಂದೇನು?

ಲೆಕ್ಕಿಗ · ನವೆಂಬರ್ 4, ಬೆಳಿಗ್ಗೆ 8.40

ಇಸ್ತ್ರಿ ಗಾಡಿಯ ಯಜಮಾನರು ತಮಗೂ ಒಂದು ಬೇಕು ಎಂದಿದ್ದಾರೆ. ಗಾಡಿಯ ಹತ್ತಿರ ನಿಂತಾಗ ಗಿರಾಕಿಗಳಿಗೆ ಕಾಣುವಂತೆ ಎದೆಯ ಮೇಲೆ ದೊಡ್ಡದಾಗಿ ‘ನಾಳೆ ಬನ್ನಿ’ ಎಂದು ಬರೆಯಬೇಕಂತೆ. ಮತ್ತೆ ‘ಳೆ’.